ಅಡೆಮ್ (ಸೋಂಕಿನ ನಂತರ ಮಿದುಳು-ಬೆನ್ನುಹುರಿಗೆ ಬರುವ ಬಾವು) ಆಗಿ ಬಿಡುಗಡೆಯಾದ ಮಗು ಊರಿಗೆ ಬಂದ ಮೇಲೆ: ಸ್ಟಿರಾಯ್ಡ್ ಇಳಿಸುವುದು, ಮಾಗ್ ಪಾಸಿಟಿವ್, ಮುಂದಿನ ಎಂಆರ್‌ಐ

ಬನವಾಸಿ ರಸ್ತೆ ಕೇಳಿದ್ದು:

ಶಿರಸಿ ಕಡೆಯ ತಾಲೂಕು ಮಟ್ಟದ ಆಸ್ಪತ್ರೆಯಿಂದ ಕೇಳುತ್ತಿದ್ದೇನೆ. ಮಕ್ಕಳ ನರರೋಗ ತಜ್ಞರು ಹತ್ತಿರದಲ್ಲಿ ಇಲ್ಲ.

6 ವರ್ಷದ ಹುಡುಗ, ತೂಕ 20 ಕೆ.ಜಿ. ನೆಗಡಿ-ಜ್ವರ ಬಿಟ್ಟು ಹತ್ತು ಹನ್ನೆರಡು ದಿನಕ್ಕೆ ಮಂಪರು ಶುರುವಾಯಿತು. ಕರೆದರೆ ಕಣ್ಣು ಬಿಡುತ್ತಿದ್ದ, ಮತ್ತೆ ಮಲಗುತ್ತಿದ್ದ. ಒಂದು ಸಲ ಫಿಟ್ಸ್, ಮರುದಿನ ಎರಡೂ ಕಾಲು ಸೋತವು, ಮಂಡಿಯ ರಿಫ್ಲೆಕ್ಸ್ ಸಿಗಲಿಲ್ಲ, ಮೂತ್ರ ಕಟ್ಟಿತು. ಹುಬ್ಬಳ್ಳಿಗೆ ಕಳಿಸಿದೆವು. ಎಂಆರ್‌ಐನಲ್ಲಿ ಮಿದುಳಿನ ಎರಡೂ ಬದಿ ಅಂಚು ಸ್ಪಷ್ಟವಿಲ್ಲದ ದೊಡ್ಡ ಮಚ್ಚೆಗಳು, ಮಿದುಳಿನ ಒಳಭಾಗದ ಬಲ ಥಲಮಸ್‌ನಲ್ಲೂ ಒಂದು; ಬೆನ್ನುಹುರಿಯಲ್ಲಿ ಎದೆಯ ಮಟ್ಟಕ್ಕೆ ಐದು ಕಶೇರುಗಳಷ್ಟು ಉದ್ದದ ಬಾವು. ಬೆನ್ನುನೀರಿನಲ್ಲಿ 40 ಕಣ, ಹೆಚ್ಚಿನವು ಲಿಂಫೋಸೈಟ್. ಸಕ್ಕರೆ ಸರಿ ಇತ್ತು, ಹರ್ಪಿಸ್ ಪಿಸಿಆರ್ ನೆಗೆಟಿವ್. ಮೀಥೈಲ್‌ಪ್ರೆಡ್ನಿಸೋಲೋನ್ 600 ಮಿ.ಗ್ರಾಂನಂತೆ 5 ದಿನ ಕೊಟ್ಟಿದ್ದಾರೆ. ಐವಿಐಜಿ (ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್) ಬೇಕಾಗಲಿಲ್ಲ. ಈಗ ಹಿಡಿದುಕೊಂಡು ನಡೆಯುತ್ತಾನೆ, ಮಾತು ಸರಿಯಾಗಿದೆ.

ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದು ಇಷ್ಟೇ: 'ಅಡೆಮ್. ಪ್ರೆಡ್ನಿಸೋಲೋನ್ 30 ಮಿ.ಗ್ರಾಂ, 6 ವಾರದಲ್ಲಿ ಇಳಿಸಿ.' ಬಿಡುಗಡೆಯಾಗಿ ನಾಲ್ಕು ದಿನಕ್ಕೆ ತಂದೆಯ ವಾಟ್ಸಾಪ್‌ಗೆ 'ಮಾಗ್ ಆಂಟಿಬಾಡಿ: ಪಾಸಿಟಿವ್, ಅಕ್ವಾಪೊರಿನ್-4: ನೆಗೆಟಿವ್' ಎಂದು ರಿಪೋರ್ಟ್ ಬಂದಿದೆ; ಎರಡೂ ನರವ್ಯೂಹದ ಮೇಲೆಯೇ ತಿರುಗಿಬೀಳುವ ಆಂಟಿಬಾಡಿಯ ಪರೀಕ್ಷೆ. ಅವರು ಗೂಗಲ್ ಮಾಡಿ, ಇದು ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನರದ ಪೊರೆ ಮತ್ತೆ ಮತ್ತೆ ಹಾಳಾಗುವ ಕಾಯಿಲೆ) ಅಂತೆ, ಜೀವಮಾನದ ಔಷಧ ಅಂತೆ ಎಂದು ಹೆದರಿದ್ದಾರೆ. ತಾಯಿಯದು ಉಲ್ಟಾ: 'ಮಾಣಿ ಓಡಾಡ್ತಾ ಇದ್ದ, ಇನ್ನೆಂತಕ್ಕೆ ಮಾತ್ರೆ?' ಅಜ್ಜಿಗೆ ಶಾಲೆಯಲ್ಲಿ ಹಾಕಿದ ಚುಚ್ಚುಮದ್ದಿನ ಮೇಲೇ ಅನುಮಾನ.

ಮಾತ್ರೆ ಹೇಗೆ ಇಳಿಸಲಿ? ಮಾಗ್ ಪಾಸಿಟಿವ್ ಎಂದರೆ ಈಗಲೇ ಬೇರೆ ಔಷಧ ಬೇಕೇ? ಎಂಆರ್‌ಐ ಯಾವಾಗ? ಮೂತ್ರಕ್ಕೆ ಇನ್ನೂ ತಿಣುಕುತ್ತಾನೆ, ಅದಕ್ಕೇನು? ಲಸಿಕೆ?

---

ಶಾಲ್ಮಲಾ ಉತ್ತರ:

ಡಾಕ್ಟ್ರೇ, ಮೊದಲು ಮಾತ್ರೆಯ ವಿಷಯ. ಮನೆಯಲ್ಲಿ ಎಡವುವುದು ಅಲ್ಲೇ.

'6 ವಾರದಲ್ಲಿ ಇಳಿಸಿ' ಎಂದಷ್ಟೇ ಬರೆದ ಚೀಟಿಯನ್ನು ಮೆಡಿಕಲ್ ಶಾಪಿನವರು ಒಂದು ರೀತಿ, ಮನೆಯವರು ಇನ್ನೊಂದು ರೀತಿ ಓದುತ್ತಾರೆ. ಅಲ್ಲಿಯ ಘಟಕಕ್ಕೆ ಫೋನ್ ಮಾಡಿ ಒಪ್ಪಿಸಿಕೊಂಡು ವಾರಗಟ್ಟಲೆ ಬರೆದುಕೊಡಿ. 20 ಕೆ.ಜಿ. ಮಗುವಿಗೆ 30 ಮಿ.ಗ್ರಾಂ ಎಂದರೆ ಕೆ.ಜಿ.ಗೆ ಒಂದೂವರೆ, ಸರಿಯಾದ ಡೋಸೇ. ಮೊದಲ ವಾರ 30, ಆಮೇಲೆ ವಾರಕ್ಕೊಂದರಂತೆ 25, 20, 15, 10, 5, ನಂತರ ನಿಲುಗಡೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೇ ಸಲ. ಪೂರ್ತಿ ಕೋರ್ಸಿಗೆ 10 ಮಿ.ಗ್ರಾಂನ 63 ಮತ್ತು 5 ಮಿ.ಗ್ರಾಂನ 21 ಮಾತ್ರೆ ಬೇಕು, ಒಟ್ಟಿಗೇ ಕೊಡಿಸಿಬಿಡಿ. ಮಳೆಗಾಲದಲ್ಲಿ ಹಳ್ಳಿಯಿಂದ ಪೇಟೆಗೆ ಬರಲಾಗದೆ ಮಧ್ಯದಲ್ಲಿ ನಾಲ್ಕು ದಿನ ತಪ್ಪಿತು ಅಂತಾಗಬಾರದು. ಸಿರಪ್ ಕೊಡುವುದಾದರೆ ಬಾಟಲಿ ನೋಡಿಯೇ ಕೊಡಿ. 5 ಮಿ.ಲೀ.ಗೆ 5 ಮಿ.ಗ್ರಾಂ ಇರುವುದೂ ಸಿಗುತ್ತದೆ, 15 ಮಿ.ಗ್ರಾಂ ಇರುವ ಫೋರ್ಟೆಯೂ ಸಿಗುತ್ತದೆ. 'ಮೊದಲಿನಷ್ಟೇ ಎಂಎಲ್' ಎಂದು ಹಾಕಿದರೆ ಡೋಸ್ ಮೂರು ಪಟ್ಟಾಗುತ್ತದೆ, ಇಲ್ಲವೇ ಮೂರರಲ್ಲೊಂದಾಗುತ್ತದೆ.

ತಾಯಿಗೆ ಹೇಳಬೇಕಾದದ್ದು: ಮಗು ಎದ್ದು ಓಡಾಡುತ್ತಿರುವುದು ಮಾತ್ರೆಯ ಬಲದಿಂದ, ಒಳಗಿನ ಉರಿ ಇನ್ನೂ ಪೂರ್ತಿ ಆರಿಲ್ಲ. ಮೂರು ವಾರದೊಳಗೆ ಸ್ಟಿರಾಯ್ಡ್ ನಿಲ್ಲಿಸಿದ ಮಕ್ಕಳಲ್ಲಿ ಕಾಯಿಲೆ ಮರಳುವುದು ಹೆಚ್ಚು. ಮಾಗ್ ಇರುವವರಲ್ಲಂತೂ ಡೋಸ್ ಇಳಿಯುವ ಹಂತದಲ್ಲಿ, ನಿಲ್ಲಿಸಿದ ಒಂದೆರಡು ತಿಂಗಳಲ್ಲಿ ಅದು ತಲೆ ಎತ್ತುತ್ತದೆ. ಹಾಗಂತ ಭಯಕ್ಕೆ ಆರು ತಿಂಗಳು ಎಳೆಯುವುದೂ ಬೇಡ. ಎಲ್ಲ ಸೇರಿ ಮೂರು ತಿಂಗಳು ಮೀರಬಾರದು. ಅಷ್ಟರ ಮೇಲೂ ಸ್ಟಿರಾಯ್ಡ್ ಬಿಡಿಸಲು ಆಗದಿದ್ದರೆ ಅಂಥ ಮಗುವಿಗೆ ಬೇರೆ ಔಷಧ ಬೇಕು, ಇನ್ನಷ್ಟು ಪ್ರೆಡ್ನಿಸೋಲೋನ್ ಅಲ್ಲ.

ತಂದೆಯ ಪ್ರಶ್ನೆ. ಮಾಗ್ ಎನ್ನುವುದು ನರದ ಮಯಲಿನ್ ಪೊರೆಯ ಹೊರಮೈಯಲ್ಲಿರುವ ಒಂದು ಪ್ರೋಟೀನ್. ಸೋಂಕಿನ ನಂತರ ಕೆಲವು ಮಕ್ಕಳಲ್ಲಿ ಅದರ ಮೇಲೇ ಆಂಟಿಬಾಡಿ ಹುಟ್ಟುತ್ತದೆ. ಅಡೆಮ್ ಆದ ಮಕ್ಕಳಲ್ಲಿ ಅರ್ಧದ ಹತ್ತಿರ ಜನರಲ್ಲಿ ಇದು ಸಿಗುತ್ತದೆ. ಇದು ಎಂಎಸ್ ಅಲ್ಲ. 10 ವರ್ಷದ ಕೆಳಗೆ ಎಂಎಸ್ ಅಪರೂಪ; ಅದರಲ್ಲಿ ಮಂಪರು ಸಾಮಾನ್ಯವಲ್ಲ, ಮಚ್ಚೆಗಳು ಸಣ್ಣವು, ಅಂಚು ಸ್ಪಷ್ಟ, ಬೆನ್ನುನೀರಿನಲ್ಲಿ ಆಲಿಗೊಕ್ಲೋನಲ್ ಬ್ಯಾಂಡ್ (ಅಲ್ಲಿಯೇ ತಯಾರಾದ ಆಂಟಿಬಾಡಿಯ ಗೆರೆಗಳು) ಸಿಗುತ್ತದೆ. ಅಕ್ವಾಪೊರಿನ್-4 ಪಾಸಿಟಿವ್ ಆಗಿದ್ದರೆ ಮಾತ್ರ ಕಥೆಯೇ ಬೇರೆ. ಅದು ಎನ್‌ಎಂಒ (ಕಣ್ಣಿನ ನರ, ಬೆನ್ನುಹುರಿಗೆ ಬೀಳುವ ಬೇರೆಯೇ ಕಾಯಿಲೆ), ಮೊದಲ ದಾಳಿಯಿಂದಲೇ ರಿಟುಕ್ಸಿಮ್ಯಾಬ್‌ನಂಥ ದೀರ್ಘ ಔಷಧ ಬೇಕು, ಬಿಟ್ಟರೆ ಕಣ್ಣು ಹೋಗುತ್ತದೆ. ಈ ಹೆಸರುಗಳನ್ನು ಕಲಸಿಬಿಟ್ಟರೆ ಅಪಾಯ ಬರೀ ಕಾಗದದ್ದಲ್ಲ: ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಎನ್‌ಎಂಒ ಕಾಯಿಲೆಯನ್ನು ಕೆರಳಿಸುತ್ತದೆ, ಮಾಗ್‌ನಲ್ಲಿ ಅದು ಕೆಲಸಕ್ಕೆ ಬಾರದು.

ಈ ಹುಡುಗನಿಗೆ ಈಗ ಸ್ಟಿರಾಯ್ಡ್ ಬಿಟ್ಟು ಬೇರೇನೂ ಬೇಡ. ಮಾಗ್ ಇರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಇದು ಒಂದೇ ಸಲ ಬಂದು ಹೋಗುತ್ತದೆ. ಎರಡನೇ ದಾಳಿ ಆದರೆ ಆಗ ತಿಂಗಳಿಗೊಮ್ಮೆ ಐವಿಐಜಿಯೋ ಮೈಕೊಫೆನೊಲೇಟೋ ರಿಟುಕ್ಸಿಮ್ಯಾಬೋ ಎಂಬ ಚರ್ಚೆ. 'ಅಡೆಮ್' ಎನ್ನುವ ಹೆಸರೂ ಸದ್ಯಕ್ಕೆ ತಾತ್ಕಾಲಿಕ. ಶುರುವಾದ ದಿನದಿಂದ 3 ತಿಂಗಳೊಳಗೆ ಏನೇ ಹೊಸ ತೊಂದರೆ ಬಂದರೂ ಅದೇ ದಾಳಿಯ ಮುಂದುವರಿಕೆ ಎಂದು ಲೆಕ್ಕ; ಅದರಾಚೆ ಬಂದರೆ ಹೆಸರು ಬದಲಾಗುತ್ತದೆ, ಚಿಕಿತ್ಸೆಯೂ.

ಹಾಗಾಗಿ ಎಂಆರ್‌ಐ ಕೂಡ 3 ತಿಂಗಳು ತುಂಬಿದ ಮೇಲೆ. ಎರಡು ತಿಂಗಳಿಗೇ ಮಾಡಿಸಿದರೆ ಹಳೆಯ ಮಚ್ಚೆ ಅರ್ಧ ಉಳಿದಿರುತ್ತದೆ, ರಿಪೋರ್ಟ್ ನೋಡಿ ಎಲ್ಲರಿಗೂ ಗಾಬರಿ. ಮಿದುಳು ಮತ್ತು ಪೂರ್ತಿ ಬೆನ್ನುಹುರಿ, ಸಾಧ್ಯವಾದರೆ ಮೊದಲು ಮಾಡಿದ ಯಂತ್ರದಲ್ಲೇ. ಮಾಗ್‌ನ ಮಚ್ಚೆಗಳು ಹೆಚ್ಚಾಗಿ ಮಾಯವಾಗುತ್ತವೆ. ಮಗು ಚೆನ್ನಾಗಿದ್ದೂ ಸದ್ದಿಲ್ಲದೆ ಹೊಸ ಮಚ್ಚೆ ಬಂದಿದ್ದರೆ ಎಂಎಸ್ ಬಗ್ಗೆ ಮತ್ತೆ ಯೋಚಿಸಬೇಕು. ಮತ್ತು ಬರುವಾಗ ಫಿಲ್ಮ್ ಅಲ್ಲ, ಸಿಡಿ ತರಲು ಹೇಳಿ. ಫಿಲ್ಮಿನ ಮೇಲೆ ಅಂಗುಲದಷ್ಟು ಚಿತ್ರದಲ್ಲಿ ಹೋಲಿಸಲು ಬರುವುದಿಲ್ಲ.

---

ಕುಮಟಾ ಲ್ಯಾಬ್ ಉತ್ತರ:

ಆ 'ಪಾಸಿಟಿವ್' ಎಂಬ ಒಂದೇ ಪದಕ್ಕೆ ನಿಲ್ಲಬೇಡಿ. ಕಳಿಸಿದ ಲ್ಯಾಬಿಗೆ ಎರಡು ಪ್ರಶ್ನೆ: ಯಾವ ವಿಧಾನ, ಟೈಟರ್ (ಸೀರಮ್ ಎಷ್ಟು ತೆಳುವಾಗಿಸಿದರೂ ಆಂಟಿಬಾಡಿ ಸಿಗುತ್ತದೆ ಎಂಬ ಅಳತೆ) ಎಷ್ಟು?

ಮಾಗ್ ಪರೀಕ್ಷೆ ಸೆಲ್ ಬೇಸ್ಡ್ ಅಸ್ಸೇ (ಪ್ರೋಟೀನನ್ನು ಜೀವಕೋಶದ ಮೇಲೇ ಇಟ್ಟು ನೋಡುವ ವಿಧಾನ) ಆಗಿರಬೇಕು. ಎಲೈಸಾದಲ್ಲಿ ಮಾಡಿದ್ದರೆ ಆ ರಿಪೋರ್ಟ್ ಪಕ್ಕಕ್ಕಿಡಿ. ಪ್ರೋಟೀನಿನ ಆಕಾರ ಕೆಟ್ಟಿರುತ್ತದೆ, ಸಿಕ್ಕದ್ದು ಏನೆಂದು ಹೇಳಲಾಗದು. ನಮ್ಮಲ್ಲಿ ಹೆಚ್ಚು ಕಡೆ ಬಳಸುವುದು ಫಿಕ್ಸೆಡ್ ಸೆಲ್ ಕಿಟ್. ಅದರಲ್ಲಿ 1:100 ಅಥವಾ ಮೇಲಿದ್ದರೆ ಸ್ಪಷ್ಟ ಪಾಸಿಟಿವ್, 1:10ರಿಂದ 1:100ರ ಕೆಳಗಿನವರೆಗೆ ಇದ್ದರೆ ಲೋ ಪಾಸಿಟಿವ್. ಟೈಟರ್ ಕೊಡದೇ ಹೋದರೆ 2023ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದೂ ಲೋ ಪಾಸಿಟಿವ್ ಲೆಕ್ಕವೇ. ಆಗ ಅಕ್ವಾಪೊರಿನ್-4 ನೆಗೆಟಿವ್ ಇರಬೇಕು, ಜೊತೆಗೆ ಎಂಆರ್‌ಐನಲ್ಲೋ ಲಕ್ಷಣದಲ್ಲೋ ಮಾಗ್‌ಗೆ ಒಪ್ಪುವ ಗುರುತು ಒಂದಾದರೂ ಬೇಕು. ನೀವು ಬರೆದ ಹುಡುಗನಲ್ಲಿ ಥಲಮಸ್ ಇದೆ, ಮೂರು ಕಶೇರು ಮೀರಿದ ಉದ್ದದ ಬೆನ್ನುಹುರಿ ಬಾವೂ ಇದೆ, ಹಾಗಾಗಿ ಲೋ ಪಾಸಿಟಿವ್ ಆದರೂ ಹೊಂದುತ್ತದೆ. ಬರೀ ತಲೆನೋವಿನ ಮಗುವಿಗೆ 'ಎಲ್ಲ ನೋಡಿಬಿಡೋಣ' ಎಂದು ಪ್ಯಾನೆಲ್ ಕಳಿಸಿ ಲೋ ಪಾಸಿಟಿವ್ ಬಂದರೆ ಮಾತ್ರ ಅದಕ್ಕೆ ಅರ್ಥ ಹಚ್ಚುವುದು ಕಷ್ಟ.

ಮುಂದಿನ ಸಲ ಇಂಥ ಮಗು ನಿಮ್ಮಲ್ಲಿಂದ ಹೊರಡುವಾಗಲೇ 3 ಮಿ.ಲೀ. ರಕ್ತ ಸಾದಾ ಟ್ಯೂಬಿನಲ್ಲಿ ತೆಗೆದು ಸೀರಮ್ ಬೇರ್ಪಡಿಸಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಐವಿಐಜಿ ಅಥವಾ ಪ್ಲಾಸ್ಮಾ ಎಕ್ಸ್‌ಚೇಂಜ್ ಆದ ಮೇಲೆ ತೆಗೆದ ರಕ್ತದ ಫಲಿತಾಂಶ ನಂಬುವುದು ಕಷ್ಟ. ದೊಡ್ಡ ಆಸ್ಪತ್ರೆಯ ಗಡಿಬಿಡಿಯಲ್ಲಿ ಮೊದಲು ತಪ್ಪುವುದು ಇದೇ ಟ್ಯೂಬು.

6 ತಿಂಗಳ ಮೇಲೆ ಮಾಗ್ ಮತ್ತೊಮ್ಮೆ, ಅದೇ ಲ್ಯಾಬಿನಲ್ಲಿ. ನೆಗೆಟಿವ್ ಆಗಿದ್ದರೆ ಮರುಕಳಿಸುವ ಸಂಭವ ಕಡಿಮೆ. ಇನ್ನೂ ಪಾಸಿಟಿವ್ ಇದ್ದರೆ ಹೆಚ್ಚು ಎಚ್ಚರ ಅಷ್ಟೇ, ಅದೊಂದರ ಮೇಲೆ ಔಷಧ ಶುರು ಮಾಡುವುದಿಲ್ಲ.

---

ಕಾಳಿ ತೀರ ಉತ್ತರ:

ಎಲ್ಲರೂ ಬಿಟ್ಟ ಒಂದು ವಿಷಯ: 15 ವರ್ಷದೊಳಗಿನ ಮಗು, ಕಾಲು ಹಠಾತ್ತನೆ ಮೆತ್ತಗಾಗಿ ಸೋತಿತು. ಕಾರಣ ಏನೇ ಇರಲಿ, ಇದು ಎಎಫ್‌ಪಿ (ಹಠಾತ್ತನೆ ಕೈಕಾಲು ಮೆತ್ತಗಾಗಿ ಸೋಲುವುದು, ಪೋಲಿಯೊ ಕಣ್ಗಾವಲಿನ ಪಟ್ಟಿ), ವರದಿ ಆಗಲೇಬೇಕು. ಎಂಆರ್‌ಐನಲ್ಲಿ ಬೆನ್ನುಹುರಿ ಬಾವು ಕಂಡ ಮೇಲೆ ಪೋಲಿಯೊ ಅಲ್ಲ ಎಂದು ಗೊತ್ತಲ್ಲ ಎನ್ನುವ ವಾದ ಇಲ್ಲಿ ನಡೆಯದು. ಗಿಲ್ಲಾನ್ ಬಾರೆ, ಟ್ರಾನ್ಸ್‌ವರ್ಸ್ ಮೈಲೈಟಿಸ್ ಎಲ್ಲವೂ ಈ ಪಟ್ಟಿಯಲ್ಲೇ ಬರುತ್ತವೆ.

ಸೋಲು ಶುರುವಾದ 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಮಲದ ಮಾದರಿ, ಒಂದೊಂದೂ ದೊಡ್ಡವರ ಹೆಬ್ಬೆರಳಿನಷ್ಟು, ಅಂದರೆ ಸುಮಾರು 8 ಗ್ರಾಂ. ಐಸ್‌ಪ್ಯಾಕ್ ಇಟ್ಟ ಬೇರೆಯದೇ ಕ್ಯಾರಿಯರ್‌ನಲ್ಲಿ ಹೋಗಬೇಕು, ಲಸಿಕೆ ಒಯ್ಯುವುದರಲ್ಲಿ ಅಲ್ಲ. 14 ದಿನ ದಾಟಿದ್ದರೂ 60 ದಿನದವರೆಗೆ ತೆಗೆಯಬಹುದು, ಹಾಗಾಗಿ ಹುಬ್ಬಳ್ಳಿಯಲ್ಲಿ ಆಗಿದೆಯೇ ಎಂದು ಇವತ್ತೇ ಕೇಳಿ. ಆಗಿಲ್ಲದಿದ್ದರೆ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ನೀವೇ ತಿಳಿಸಿ. 60ನೇ ದಿನ ಬಲ ಎಷ್ಟಿದೆ ಎಂದು ನೋಡಲು ಬರುತ್ತಾರೆ, ಮನೆಯವರಿಗೆ ಮೊದಲೇ ಹೇಳಿಡಿ.

ಇನ್ನು ನಮ್ಮ ಜಿಲ್ಲೆಯಲ್ಲಿ ಅಡೆಮ್ ಎಂದು ಷರಾ ಬರೆಯುವ ಮೊದಲು ಕೆಲವು ಹೆಸರು ಹೊಡೆದುಹಾಕಲೇಬೇಕು: ಹರ್ಪಿಸ್, ಕ್ಷಯದ ಮೆದುಳುಪೊರೆ ಜ್ವರ, ಸ್ಕ್ರಬ್ ಟೈಫಸ್. ಡಿಸೆಂಬರ್‌ನಿಂದ ಮೇ ಒಳಗೆ, ಸಿದ್ದಾಪುರ-ಹೊನ್ನಾವರ ಕಾಡಂಚಿನ ಮಗುವಾದರೆ ಮಂಗನ ಕಾಯಿಲೆಯೂ. ಅದರಲ್ಲಿ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಜ್ವರ ಬಂದು ಮಂಪರು ಕಾಣಿಸುವುದುಂಟು. ಕಾಗದದ ಮೇಲೆ ಅಡೆಮ್ ಕಥೆಯ ಹಾಗೇ ಕಾಣುತ್ತದೆ. ಅಡೆಮ್‌ನಲ್ಲೂ ಜ್ವರ ಇರಬಹುದು, ಆದರೆ ಇಳಿಯದ ಜ್ವರ, ಬೆನ್ನುನೀರಿನಲ್ಲಿ ಸಕ್ಕರೆ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ, ಇವುಗಳಲ್ಲಿ ಒಂದಿದ್ದರೂ ಸ್ಟಿರಾಯ್ಡ್‌ಗೆ ಕೈಹಾಕುವ ಮುನ್ನ ನಿಲ್ಲಿ. ಫಲಿತಾಂಶ ಬರುವ ತನಕ ಸೆಫ್ಟ್ರಿಯಾಕ್ಸೋನ್, ಅಸೈಕ್ಲೊವಿರ್ ಮುಂದುವರಿಯಲಿ. ಅಸೈಕ್ಲೊವಿರ್ ಒಂದು ಗಂಟೆ ನಿಧಾನವಾಗಿ ಓಡಬೇಕು, ನೀರು ಸಾಕಷ್ಟು ಹೋಗಬೇಕು, ಇಲ್ಲದಿದ್ದರೆ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ.

---

ಗೇರುಸೊಪ್ಪ ಫಿಸಿಯೊ ಉತ್ತರ:

ಮೂತ್ರದ ಬಗ್ಗೆ. 'ತಿಣುಕುತ್ತಾನೆ' ಎಂದಿರಲ್ಲ, ಹೊಯ್ದ ಕೂಡಲೇ ಒಳಗೆ ಎಷ್ಟು ಉಳಿಯುತ್ತದೆ ಅಳೆಯಿರಿ. ಸ್ಕ್ಯಾನ್ ಇದ್ದರೆ ಅದು, ಇಲ್ಲವೆಂದರೆ 8 ಫ್ರೆಂಚ್ ಕ್ಯಾತೆಟರ್. ವಯಸ್ಸಿಗೆ 2 ಸೇರಿಸಿ 30ರಿಂದ ಗುಣಿಸಿದರೆ ಮೂತ್ರಚೀಲ ಹಿಡಿಯುವ ಪ್ರಮಾಣ: ಈ ಹುಡುಗನಿಗೆ 240 ಮಿ.ಲೀ. ಉಳಿಯುವುದು 20 ಮಿ.ಲೀ. ಒಳಗಿದ್ದರೆ ಚಿಂತೆಯಿಲ್ಲ. ಪದೇ ಪದೇ 50-60 ಉಳಿಯುತ್ತಿದ್ದರೆ ದಿನಕ್ಕೆ ನಾಲ್ಕೈದು ಸಲ ಕ್ಯಾತೆಟರ್ ಹಾಕಿ ಖಾಲಿ ಮಾಡಿ ತೆಗೆಯುವುದನ್ನು ತಾಯಿಗೆ ಕಲಿಸಿ. ಕೈ ಸೋಪಿನಲ್ಲಿ ತೊಳೆದರೆ ಸಾಕು, ಗ್ಲೌಸ್ ಕಡ್ಡಾಯವಲ್ಲ. ಒಳಗೇ ಬಿಟ್ಟ ಕ್ಯಾತೆಟರಿಗಿಂತ ಸೋಂಕು ಕಡಿಮೆ. 'ಹನಿ ಹನಿ ಬರ್ತಾ ಇದೆ, ಸರಿಹೋಯ್ತು' ಎನ್ನುವ ಮಾತು ಕೇಳಿದರೆ ಕಿಬ್ಬೊಟ್ಟೆ ಮುಟ್ಟಿ ನೋಡಿ. ತುಂಬಿ ತುಳುಕುವಾಗಲೂ ಹನಿಯುತ್ತದೆ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಬಿಡಿಸಿ, ಎಷ್ಟೋ ಸಲ ಮೂತ್ರವೂ ಅದರ ಹಿಂದೆಯೇ ಸಲೀಸಾಗುತ್ತದೆ.

ಕಾಲು: ಮೊದಲ ದಿನ ರಿಫ್ಲೆಕ್ಸ್ ಇರಲಿಲ್ಲ, ಅದು ಬೆನ್ನುಹುರಿಯ ಶಾಕ್. ಮೂರನೇ ನಾಲ್ಕನೇ ವಾರ ಮಂಡಿ ತಟ್ಟಿದರೆ ಕಾಲು ಜೋರಾಗಿ ಒದೆಯುತ್ತದೆ, ಪಾದ ಅಲುಗಿಸಿದರೆ ಟಕಟಕ ಕುಣಿಯುತ್ತದೆ. ಇದನ್ನು ಮರುಕಳಿಕೆ ಎಂದುಕೊಂಡು ಮತ್ತೆ ಸ್ಟಿರಾಯ್ಡ್ ಏರಿಸಿದ್ದುಂಟು. ಬಲ ಕುಗ್ಗದಿದ್ದರೆ ಅದು ಚೇತರಿಕೆಯ ದಾರಿಯೇ. ಆದರೆ ಆಗಲೇ ಹಿಮ್ಮಡಿಯ ಸ್ನಾಯುರಜ್ಜು ಬಿಗಿಯತೊಡಗುತ್ತದೆ: ದಿನಕ್ಕೆ ಎರಡು ಹೊತ್ತು, ಮಂಡಿ ನೇರ ಇಟ್ಟು ಪಾದವನ್ನು ಮೇಲಕ್ಕೆ ಒತ್ತಿ 30 ಸೆಕೆಂಡ್ ಹಿಡಿದು, ಹತ್ತು ಸಲ. ರಾತ್ರಿ ಪಾದ ಜೋಲದಂತೆ ಸ್ಪ್ಲಿಂಟ್. ಮಳೆಗಾಲದ ಪಾಚಿ ಅಂಗಳದಲ್ಲಿ ಬರಿಗಾಲಲ್ಲಿ ನಡೆಸುವ ಅಭ್ಯಾಸ ಮಾತ್ರ ಬೇಡ, ಜಗಲಿ ಸಾಕು.

---

ಕಾಳಿ ತೀರ ಮತ್ತೆ:

ಲಸಿಕೆ ಉಳಿದಿತ್ತು. ದಿನಕ್ಕೆ 20 ಮಿ.ಗ್ರಾಂ ಅಥವಾ ಕೆ.ಜಿ.ಗೆ 2 ಮಿ.ಗ್ರಾಂ ಇಲ್ಲವೇ ಅದಕ್ಕಿಂತ ಹೆಚ್ಚು ಪ್ರೆಡ್ನಿಸೋಲೋನ್ 14 ದಿನ ನಡೆದರೆ, ನಿಲ್ಲಿಸಿ ಒಂದು ತಿಂಗಳಾಗುವ ತನಕ ಜೀವಂತ ಲಸಿಕೆ ಬೇಡ. ಐವಿಐಜಿ 2 ಗ್ರಾಂ/ಕೆ.ಜಿ. ಕೊಟ್ಟಿದ್ದರೆ ದಡಾರ, ಸೀತಾಳೆ ಸಿಡುಬಿನ (ಚಿಕನ್ ಪಾಕ್ಸ್) ಲಸಿಕೆ 11 ತಿಂಗಳು ಮುಂದಕ್ಕೆ, ಏಕೆಂದರೆ ಕೊಟ್ಟರೂ ಹತ್ತುವುದಿಲ್ಲ. ಇವನಿಗೆ ಆ ಲೆಕ್ಕ ಇಲ್ಲ. ಡಿಪಿಟಿ ಬೂಸ್ಟರ್ ಜೀವಂತ ಲಸಿಕೆಯಲ್ಲ, ಮಾತ್ರೆ ಮುಗಿದು ಮಗು ಸ್ಥಿರವಾದ ಮೇಲೆ ಹಾಕಬಹುದು.

ಅಜ್ಜಿಯ ಅನುಮಾನಕ್ಕೆ ಒಂದು ಹಳೆಯ ಬೇರಿದೆ. ಹೊಟ್ಟೆಗೆ ಹದಿನಾಲ್ಕು ಚುಚ್ಚುತ್ತಿದ್ದ ಹಿಂದಿನ ಹುಚ್ಚುನಾಯಿ ಲಸಿಕೆ ಕುರಿಯ ಮಿದುಳಿನಿಂದ ಆಗುತ್ತಿತ್ತು. ಅದರಲ್ಲಿದ್ದ ಮಯಲಿನ್‌ನಿಂದಾಗಿ ಕೆಲವರಿಗೆ ಇದೇ ತೆರನ ಕಾಯಿಲೆ ನಿಜಕ್ಕೂ ಬರುತ್ತಿತ್ತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಈಗಿನದು ಕೋಶದಲ್ಲಿ ಬೆಳೆಸಿದ್ದು, ಮಿದುಳಿನ ಅಂಶವೇ ಇಲ್ಲ. ಇದನ್ನು ಬಿಡಿಸಿ ಹೇಳಿ, ಏಕೆಂದರೆ ನಾಳೆ ಈ ಹುಡುಗನಿಗೆ ನಾಯಿ ಕಚ್ಚಿದರೆ 'ನರದ ಕಾಯಿಲೆ ಇದ್ದವ' ಎಂದು ಯಾರೋ ಲಸಿಕೆ ತಡೆಯಬಾರದು. ಸ್ಟಿರಾಯ್ಡ್ ಮೇಲಿದ್ದಾಗ ಕಚ್ಚಿದರಂತೂ ಪೂರ್ತಿ ಕೋರ್ಸು, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಬರೀ ತರಚಿದ ಗಾಯವಾದರೂ.

---

ಬನವಾಸಿ ರಸ್ತೆ:

ಎಲ್ಲರಿಗೂ ಧನ್ಯವಾದ. ಎಎಫ್‌ಪಿ ವರದಿ ಹುಬ್ಬಳ್ಳಿಯಲ್ಲೇ ಆಗಿದೆಯಂತೆ, ವಿಚಾರಿಸಿದೆ. ಇನ್ನೆರಡು: ವಾರವಾರ ಬಂದಾಗ ಏನೇನು ನೋಡಲಿ? ರಾತ್ರಿ ಮರುಕಳಿಸಿ ಬಂದರೆ ಇಲ್ಲಿಯೇ ಮೀಥೈಲ್‌ಪ್ರೆಡ್ ಶುರು ಮಾಡಬಹುದೇ?

---

ಶಾಲ್ಮಲಾ:

ವಾರಕ್ಕೊಮ್ಮೆ ತೂಕ, ಬಿಪಿ, ಸಕ್ಕರೆ. ಬಿಪಿಗೆ ಮಕ್ಕಳ ಕಫ್. ದೊಡ್ಡವರದು ಸುತ್ತಿದರೆ ಕಡಿಮೆ ತೋರಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಸದ್ಯ ದೂರ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಗು, ಸ್ಟ್ರಾಂಜಿಲಾಯ್ಡಿಸ್ ಹುಳ ಇರಬಹುದು. ಒಂದು ಆಲ್ಬೆಂಡಜೋಲ್‌ಗೆ ಅದು ಬಗ್ಗುವುದಿಲ್ಲ, ಕೆ.ಜಿ.ಗೆ 200 ಮೈಕ್ರೊಗ್ರಾಂ ಐವರ್ಮೆಕ್ಟಿನ್ ಕೊಡಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಒಂದು ದಿನವೂ ಕಾಯದೆ ಹೈಡ್ರೊಕಾರ್ಟಿಸೋನ್ 50 ಮಿ.ಗ್ರಾಂ ಇಂಜೆಕ್ಷನ್. ಮೂರು ವಾರ ಸ್ಟಿರಾಯ್ಡ್ ತಿಂದ ಮಗುವಿನ ಅಡ್ರೀನಲ್ ಗ್ರಂಥಿ (ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವುದು) ಮಲಗಿರುತ್ತದೆ.

ಕಣ್ಣನ್ನು ಪ್ರತಿ ಸಲ ಒಂದೊಂದಾಗಿ ನೋಡಿ. ಇನ್ನೊಂದನ್ನು ಅಂಗೈಯಿಂದ ಮುಚ್ಚಿ, ಬೆರಳಿನಿಂದ ಬೇಡ, ಸಂದಿಯಲ್ಲಿ ಇಣುಕುತ್ತಾರೆ. ಅಕ್ಷರ ಬಾರದಿದ್ದರೆ 'ಇ' ಚಾರ್ಟ್. ಆಮೇಲೆ ಕೆಂಪು ಪೆನ್ನಿನ ಮುಚ್ಚಳ ಹಿಡಿದು ಎರಡೂ ಕಣ್ಣಿಗೆ ಒಂದೇ ಕೆಂಪು ಕಾಣುತ್ತದೆಯೇ ಕೇಳಿ. ಕಂದು, ಮಸುಕು ಎಂದರೆ ಆ ಕಣ್ಣಿನ ನರ ಸೋತಿದೆ. ಮಾಗ್ ಮರಳಿ ಬರುವುದು ಹೆಚ್ಚಾಗಿ ಕಣ್ಣಿನ ಮೂಲಕ, ಎಷ್ಟೋ ಸಲ ಎರಡೂ ಕಣ್ಣಿಗೆ ಒಟ್ಟಿಗೆ. ಹಾಗಾದಾಗ ಟಾರ್ಚ್ ಪರೀಕ್ಷೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಮಕ್ಕಳು ಮಸುಕಾಗಿದೆ ಎಂದು ಹೇಳುವುದೂ ಇಲ್ಲ, ಟಿವಿ ಹತ್ತಿರ ಹೋಗಿ ಕೂರುತ್ತಾರೆ. ಕಣ್ಣು ಅಲುಗಿಸಿದರೆ ನೋವು ಎಂದರೆ ಅದೇ ದಿನ ಫಂಡಸ್ (ಕಣ್ಣಿನ ಹಿಂಬದಿಯ ಒಳಮೈ) ನೋಡಿಸಿ.

ಮರುಕಳಿಕೆ ಎನ್ನಲು ಹೊಸ ತೊಂದರೆ 24 ಗಂಟೆ ಮೀರಿ ನಿಲ್ಲಬೇಕು, ಜ್ವರ ಇರಬಾರದು. ಜ್ವರದಲ್ಲಿ ಹಳೆಯ ಕಾಲಿನ ಸೋಲು ಮತ್ತೆ ಕಾಣಿಸಿ, ಜ್ವರ ಇಳಿದಾಗ ಸರಿಹೋದರೆ ಅದು ಬರೀ ನೆರಳು. ಮೂತ್ರದ ಸೋಂಕು ಹುಡುಕಿ.

ನಿಮ್ಮಲ್ಲಿ ಶುರು ಮಾಡಬಹುದು, ಆದರೆ ಫೋನಿನಲ್ಲಿ ಮಾತಾಡಿಕೊಂಡು, ಸೋಂಕು ಇಲ್ಲವೆಂದು ಖಾತ್ರಿ ಮಾಡಿಕೊಂಡು. ಕೆ.ಜಿ.ಗೆ 30 ಮಿ.ಗ್ರಾಂ, ಗರಿಷ್ಠ 1 ಗ್ರಾಂ. ಇವನಿಗೆ 600 ಮಿ.ಗ್ರಾಂ ಅನ್ನು 100 ಮಿ.ಲೀ. ನಾರ್ಮಲ್ ಸಲೈನ್‌ನಲ್ಲಿ, ಒಂದರಿಂದ ಎರಡು ಗಂಟೆ. ಬೋಲಸ್ ಹೊಡೆದರೆ ಹೃದಯದ ಲಯ ತಪ್ಪುತ್ತದೆ. ಶುರು ಮಾಡುವ ಮುನ್ನ ಪೊಟ್ಯಾಸಿಯಂ, ಓಡುವಾಗ 15 ನಿಮಿಷಕ್ಕೊಮ್ಮೆ ಬಿಪಿ. ಮಂಪರು, ಕೈಗಳ ಸೋಲು, ಧ್ವನಿ ಕುಗ್ಗಿದ್ದು, ಒಂದೇ ಉಸಿರಿಗೆ ಹತ್ತರವರೆಗೆ ಎಣಿಸಲಾಗದ್ದು, ಇವುಗಳಲ್ಲಿ ಒಂದಿದ್ದರೆ ಡ್ರಿಪ್ ಮುಗಿಯುವ ತನಕ ಕಾಯದೆ ಆಕ್ಸಿಜನ್ ಇರುವ 108ರಲ್ಲಿ ಹುಬ್ಬಳ್ಳಿಗೆ ಹೊರಡಿಸಿ. ಮಣಿಪಾಲವೇ ಎಂದಾದರೆ ಮಳೆಗಾಲದಲ್ಲಿ ದೇವಿಮನೆ ಘಟ್ಟ ತೆರೆದಿದೆಯೇ ಎಂದು ಮೊದಲು ಕುಮಟಾಕ್ಕೆ ಫೋನ್ ಮಾಡಿ ಕೇಳಿ.